ಬಿಳಿ ಕುದುರೆಗೆ ಕಪ್ಪು ಮರಿ ಹುಟ್ಟಿದರೆ ಅದು ಅಪಶಕುನವಲ್ಲ

ಮಾನ್ಯ ಸಂಪಾದಕರೇ,

ನಮಸ್ಕಾರ. ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಬೆಳ್ಳಗಿನ ತಾಯಿ ಕುದುರೆ, ಪಕ್ಕದಲ್ಲಿ ಕಪ್ಪು ಮರಿ. ಮೇಲೆ ದಪ್ಪ ಅಕ್ಷರದಲ್ಲಿ 'ಬಿಳಿ ಕುದುರೆಗೆ ಕರಿ ಮರಿ: ಗ್ರಾಮಸ್ಥರಲ್ಲಿ ಅಚ್ಚರಿ'. ಕೆಳಗೆ ನಾಲ್ಕೇ ಸಾಲು. ನೋಡಲು ಜನ ಮುಗಿಬಿದ್ದಿದ್ದಾರೆ, ಕೆಲವರು ಒಳ್ಳೆಯದಾಗುತ್ತೆ ಅನ್ನುತ್ತಾರೆ, ಕೆಲವರು ಮನೆಗೆ ಕೇಡು ಅನ್ನುತ್ತಾರೆ, ಮಾಲೀಕರು ಮರಿಯನ್ನು ಯಾರಿಗಾದರೂ ಕೊಟ್ಟುಬಿಡುವ ಯೋಚನೆಯಲ್ಲಿದ್ದಾರೆ ಅಂತ. ಆ ಕೊನೆಯ ಸಾಲು ಓದಿದ ಮೇಲೆ ನನಗೆ ಸುಮ್ನೆ ಇರಲು ಆಗಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತೆ, ದಯವಿಟ್ಟು ಪೂರ್ತಿ ಓದಿ.

ಇದರಲ್ಲಿ ಅಚ್ಚರಿ ಏನೂ ಇಲ್ಲ ಸಾರ್. ನಾವು ಬಿಳಿ ಕುದುರೆ ಅಂತ ಕರೆಯುವ ಕುದುರೆಗಳಲ್ಲಿ ಬಹುಪಾಲು ಹುಟ್ಟುವಾಗ ಬಿಳಿ ಇರುವುದೇ ಇಲ್ಲ. ಕಪ್ಪೋ, ಕಂದೋ, ಕೆಂಪೋ ಯಾವುದೋ ಒಂದು ಬಣ್ಣದಲ್ಲಿ ಹುಟ್ಟುತ್ತವೆ. ಆಮೇಲೆ ಒಂದೊಂದೇ ಕೂದಲು ಬೆಳ್ಳಗಾಗುತ್ತಾ ಹೋಗಿ, ಸಾಮಾನ್ಯವಾಗಿ 6ರಿಂದ 10 ವರ್ಷದೊಳಗೆ ಮೈಯೆಲ್ಲ ಹಾಲಿನ ಹಾಗೆ ಆಗುತ್ತದೆ. ಕುದುರೆ ಸಾಕುವವರು ಇದಕ್ಕೆ ಗ್ರೇ, ಅಂದರೆ ಬೂದು, ಅನ್ನುತ್ತಾರೆ, ಬಿಳಿ ಅನ್ನುವುದಿಲ್ಲ. ನಿಮ್ಮ ಫೋಟೊದ ತಾಯಿಯ ಮೂತಿ, ಕಣ್ಣಿನ ಸುತ್ತಲ ಚರ್ಮ ಎರಡೂ ಕಪ್ಪಗಿವೆ. ಅಂದರೆ ಅವಳೂ ಗ್ರೇ. ಅವಳೂ ಒಂದು ಕಾಲಕ್ಕೆ ಈ ಮರಿಯ ಹಾಗೆ ಗಾಢ ಬಣ್ಣದಲ್ಲೇ ಹುಟ್ಟಿದವಳು. ಆಸ್ಟ್ರಿಯಾದ ವಿಯೆನ್ನಾದಲ್ಲಿ ಲಿಪಿಜಾನರ್ ಅಂತ ಹೆಸರುವಾಸಿ ಬಿಳಿ ಕುದುರೆಗಳಿವೆ, ಕಾಲೆತ್ತಿ ಕುಣಿಯುತ್ತವೆ, ಟಿವಿಯಲ್ಲಿ ನೋಡಿರಬಹುದು. ಅವುಗಳ ಮರಿಗಳೂ ಕಪ್ಪಗೆ, ಕಂದಗೆ ಹುಟ್ಟುತ್ತವೆ. ಅಲ್ಲಿ ಯಾರೂ ಕೇಡು ಅಂತ ಮರಿ ಮಾರುವುದಿಲ್ಲ.

ಇದನ್ನೆಲ್ಲ ನಾನು ಯಾಕೆ ಇಷ್ಟು ಮನಸ್ಸಿಗೆ ಹಚ್ಚಿಕೊಂಡು ಬರೆಯುತ್ತಿದ್ದೇನೆ ಅಂದರೆ, ಗೊತ್ತಿಲ್ಲದೆ ನಮ್ಮ ಮನೆಯಲ್ಲೇ ಒಂದು ಕುದುರೆಗೆ ನಾವು ತುಂಬಾ ನೋವು ಕೊಟ್ಟಿದ್ದೇವೆ.

ನಮ್ಮಪ್ಪ ತುಮಕೂರಿನಲ್ಲಿ ಜಟಕಾ ಹೊಡೆಯುತ್ತಿದ್ದರು. ರೈಲ್ವೆ ಸ್ಟೇಷನ್‌ನಿಂದ ಪೇಟೆಗೆ, ಪೇಟೆಯಿಂದ ಸ್ಟೇಷನ್‌ಗೆ. 1974ರಲ್ಲಿ ಬೆಂಗಳೂರು ಕಡೆಯ ದಲ್ಲಾಳಿಯೊಬ್ಬ ಮೂರು ವರ್ಷದ ಗಂಡು ಕುದುರೆ ತಂದುಕೊಟ್ಟ. ಕಬ್ಬಿಣದ ಬಾಣಲೆಯ ಹಾಗೆ ಮಿರಮಿರ ಮಿಂಚುವ ಕಪ್ಪು. ಅಪ್ಪ ಅದಕ್ಕೆ ಕರಿಯ ಅಂತ ಹೆಸರಿಟ್ಟರು. ನನಗಾಗ ಒಂಬತ್ತು ವರ್ಷ. ಬೆಳಗ್ಗೆ ಎದ್ದು ಹುರುಳಿ ಬೇಯಿಸಿ ಇಡುವುದು ಅಮ್ಮನ ಕೆಲಸ, ಅದನ್ನು ಕರಿಯನ ಮುಂದೆ ಇಡುವುದು ನನ್ನದು.

ಎರಡು ವರ್ಷ ಆಗುವಷ್ಟರಲ್ಲಿ ಅವನ ತೊಡೆ ಮೇಲೆ, ಹೊಟ್ಟೆ ಮೇಲೆ ರೂಪಾಯಿ ಅಗಲದ ಬೆಳ್ಳನೆಯ ಬಿಲ್ಲೆಗಳು ಮೂಡಿದವು. ಮುಖ ಬೂದು ಬಳಿದ ಹಾಗೆ ಆಯ್ತು. ಸ್ಟ್ಯಾಂಡಿನಲ್ಲಿ ಮಾತು ಶುರುವಾಯ್ತು. ದಲ್ಲಾಳಿ ಬಣ್ಣ ಹಾಕಿ ಮುದಿ ಕುದುರೆ ಮಾರಿದ್ದಾನೆ ಅಂದವರು ಕೆಲವರು. ಇದಕ್ಕೆ ತೊನ್ನು ಹತ್ತಿದೆ ಅಂದವರು ಇನ್ನು ಕೆಲವರು. ತೊನ್ನು ಅನ್ನುವ ಮಾತು ಹಬ್ಬಿದ್ದೇ ತಡ, ಮಕ್ಕಳನ್ನು ಕರೆದುಕೊಂಡು ಬರುವ ಸವಾರಿಗಳು ನಮ್ಮ ಗಾಡಿ ಬಿಟ್ಟು ಹಿಂದಿನ ಗಾಡಿ ಹತ್ತತೊಡಗಿದರು. ಅಪ್ಪ ಹಲ್ಲು ಬಿಡಿಸಿ ತೋರಿಸುತ್ತಿದ್ದರು, ನೋಡಿ ಸ್ವಾಮಿ ಐದೇ ವರ್ಷ, ಮುದಿ ಅಲ್ಲ ಅಂತ. ಯಾರು ಕೇಳಬೇಕು. 1980ರ ಹೊತ್ತಿಗೆ ಕರಿಯ ಪೂರ್ತಿ ಬೆಳ್ಳಗಾದ. ಬಾಲ ಮಾತ್ರ ಇನ್ನೂ ಕಪ್ಪು ಕಪ್ಪು. ನಮ್ಮಜ್ಜಿ ಅದನ್ನು ನೋಡಿ ಕದ್ರು-ವಿನತೆಯರ ಕಥೆ ಹೇಳುತ್ತಿದ್ದರು. ಬಿಳಿ ಕುದುರೆಯ ಬಾಲ ಕಪ್ಪೋ ಬಿಳಿಯೋ ಅಂತ ಅಕ್ಕತಂಗಿಯರು ಪಂತ ಕಟ್ಟಿ, ಕದ್ರು ತನ್ನ ಮಕ್ಕಳಾದ ಹಾವುಗಳನ್ನು ಬಾಲಕ್ಕೆ ಸುತ್ತಿಸಿ ಕಪ್ಪು ಮಾಡಿ ಗೆದ್ದಳಲ್ಲ, ಆ ಕಥೆ. ದೇವರ ಕುದುರೆ ಕಣೋ ಇದು, ಸುಮ್ಮನೆ ಸಾಕಿ ಅನ್ನುತ್ತಿದ್ದರು ಅಜ್ಜಿ. ಗ್ರೇ ಕುದುರೆಗೆ ಮೈ ಮೊದಲು ಬಿಳುಪಾಗಿ, ಬಾಲ ಮತ್ತು ಕತ್ತಿನ ಕೂದಲು ತಡವಾಗಿ ಬಿಳುಪಾಗುವುದು ಉಂಟು ಅಂತ ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು.

ಆದರೆ ನಿಜ ನಮ್ಮ ಕಣ್ಣೆದುರೇ ಇತ್ತು. ಭಾನುವಾರ ಕರಿಯನನ್ನು ಅಮಾನಿಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುತ್ತಿದ್ದೆ. ಮೈ ಪೂರ್ತಿ ನೆನೆದರೆ ಕೂದಲು ಚರ್ಮಕ್ಕೆ ಅಂಟಿಕೊಂಡು, ಆ ಬಿಳಿ ಕುದುರೆ ಮತ್ತೆ ಕಪ್ಪಗೆ, ನೀಲಿ ಹೊಳಪಿನ ಕಪ್ಪಗೆ ಕಾಣುತ್ತಿತ್ತು. ದಡದಲ್ಲಿ ನಿಂತು ಮೈ ಕೊಡವಿ ಬಿಸಿಲಿಗೆ ಒಣಗಿದ ಮೇಲೆ ಮತ್ತೆ ಬಿಳಿ. ಚರ್ಮ ಕಪ್ಪಾಗಿಯೇ ಉಳಿದಿತ್ತು, ಬದಲಾಗಿದ್ದು ಕೂದಲು ಮಾತ್ರ. ತೊನ್ನಾಗಿದ್ದರೆ ಚರ್ಮವೇ ಬೆಳ್ಳಗಾಗುತ್ತಿತ್ತು ಅಲ್ವಾ? ಇದನ್ನು ಒಬ್ಬರಾದರೂ ಅವತ್ತು ಅಪ್ಪನಿಗೆ ಹೇಳಿದ್ದರೆ!

ಹೇಳುವವರು ಹತ್ತಿರದಲ್ಲೇ ಇದ್ದರು, ನಾವು ಕೇಳಿರಲಿಲ್ಲ ಅಷ್ಟೇ. ನಮ್ಮ ಸೋದರಮಾವ ಕುಣಿಗಲ್ ಸ್ಟಡ್ ಫಾರಂನಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಆಗಿದ್ದರು. ಹೈದರಾಲಿ, ಟಿಪ್ಪು ಕಾಲದಿಂದ ಕುದುರೆ ಕಂಡ ಜಾಗ ಅದು, ಇನ್ನೂರು ವರ್ಷಕ್ಕೂ ಹಳೆಯದು, ನಮ್ಮ ಜಿಲ್ಲೆಯ ಹೆಮ್ಮೆ. ಅಲ್ಲಿ ಸಾಕುತ್ತಿದ್ದದ್ದು ರೇಸಿನ ಥರೋಬ್ರೆಡ್ ಕುದುರೆ. ಒಂದು ಸಲ ಮಾವನ ಮನೆಗೆ ಹೋದಾಗ ದೂರದಿಂದ ಬೇಲಿಯಾಚೆ ಬೆಳ್ಳನೆ ತಾಯಿ ಜೊತೆ ಕಂದು ಮರಿ ಓಡುವುದನ್ನು ತೋರಿಸಿ, ಮಾವ, ಇದರ ಮರಿ ಅದಲ್ಲ ಅಲ್ವಾ ಅಂದೆ. ಮಾವ ನಕ್ಕು, "ಅದರದ್ದೇ ಕಣೋ. ಮರಿ ಕಣ್ಣಿನ ಸುತ್ತ ನೋಡಬೇಕು. ಕನ್ನಡಕ ಹಾಕಿದಂಗೆ ಬಿಳಿ ಕೂದಲು ಬಂದಿದ್ರೆ ಅದು ಅಮ್ಮನಂಗೇ ಆಗುತ್ತೆ" ಅಂದರು. ಅಷ್ಟೇ ಗುಟ್ಟು. ಮರಿ ಹುಟ್ಟಿದ ಕೆಲವು ತಿಂಗಳಲ್ಲೇ, ಎಷ್ಟೋ ಸಲ ಅದಕ್ಕೂ ಮೊದಲೇ, ಕಣ್ಣ ರೆಪ್ಪೆಯ ಸುತ್ತ ಬಿಳಿ ಕೂದಲು ಇಣುಕುತ್ತವೆ. ಇನ್ನೊಂದು ಮಾತೂ ಹೇಳಿದರು. ಗ್ರೇ ಮರಿ ಬೇಕಾದರೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಗ್ರೇ ಇರಲೇಬೇಕು, ಸುಮ್ಮನೆ ಆಕಾಶದಿಂದ ಬರಲ್ಲ ಅಂತ. ಓದಿಲ್ಲದ ಮನುಷ್ಯ ಹೇಳಿದ ಆ ಮಾತು ಈಗ ವಿಜ್ಞಾನದ ಪುಸ್ತಕದಲ್ಲೂ ಹಾಗೇ ಇದೆ. 2008ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ಇದಕ್ಕೆ ಕಾರಣವಾದ ಜೀನನ್ನು ಪತ್ತೆ ಮಾಡಿದರು. ಜೀನಿನ ಒಂದು ತುಂಡು ಎರಡೆರಡು ಸಲ ಬರೆದಂತೆ ಆಗಿರುತ್ತದೆ, 4,600 ಅಕ್ಷರದಷ್ಟು ಉದ್ದದ ತುಂಡು. ಅವರು ನೋಡಿದ ಬೇರೆ ಬೇರೆ ತಳಿಯ ಗ್ರೇ ಕುದುರೆಗಳಲ್ಲೆಲ್ಲ ಅದೇ ಒಂದು ಬದಲಾವಣೆ ಇತ್ತು. ಅಂದರೆ ಸಾವಿರಾರು ವರ್ಷದ ಹಿಂದೆ ಎಲ್ಲೋ ಹುಟ್ಟಿದ ಒಂದೇ ಕುದುರೆಯ ವಂಶ ಇವೆಲ್ಲ. ನಮ್ಮ ಕರಿಯನೂ, ವಿಯೆನ್ನಾದ ಕುದುರೆಗಳೂ, ನಿಮ್ಮ ಫೋಟೊದ ತಾಯಿಯೂ ದೂರದ ನೆಂಟರು ಅಂತ ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಕುದುರೆ ಬಣ್ಣದ ಲೆಕ್ಕ ನಿಜವಾಗಿ ಅಷ್ಟೇನೂ ಕಷ್ಟದ್ದಲ್ಲ. ಇರುವುದು ಎರಡೇ ಬಣ್ಣ, ಕಪ್ಪು ಮತ್ತು ಕೆಂಪು. ಕಪ್ಪು ಮಾಡಲು ಬರದ ಕುದುರೆ ಮೈಯೆಲ್ಲ ಕೆಂಪಗಿರುತ್ತದೆ, ನಮ್ಮ ಕಡೆಯ ರಾಗಿ ಕಾಳಿನ ಬಣ್ಣ. ರೇಸಿನವರು ಅದನ್ನು ಚೆಸ್ಟ್‌ನಟ್ ಅನ್ನುತ್ತಾರೆ, ನಮಗೆ ಆ ಕಾಯಿ ಗೊತ್ತಿಲ್ಲ, ರಾಗಿ ಬಣ್ಣ ಅಂದರೆ ಸಾಕು. ಕಪ್ಪು ಬಣ್ಣವಿದ್ದೂ ಅದು ಬಾಲ, ಕತ್ತಿನ ಕೂದಲು, ಮೊಣಕಾಲ ಕೆಳಗೆ ಮಾತ್ರ ಕೂತು, ಉಳಿದ ಮೈ ಕಂದಾಗಿದ್ದರೆ ಅದು ಬೇ. ಹೊಸ ಹುಣಸೆಹಣ್ಣಿನ ಬಣ್ಣದಿಂದ ಎರಡು ವರ್ಷದ ಹಳೇ ಹುಣಸೆಯ ಬಣ್ಣದವರೆಗೆ ಬೇ ಕುದುರೆ ಸಿಗುತ್ತವೆ. ಕಪ್ಪು ಮೈಗೆಲ್ಲ ಹರಡಿದರೆ ಕಪ್ಪು ಕುದುರೆ. ಈ ಮೂರರ ಮೇಲೆ ಉಳಿದದ್ದೆಲ್ಲ. ರಾಗಿ ಬಣ್ಣದ ಗಂಡಿಗೂ ರಾಗಿ ಬಣ್ಣದ ಹೆಣ್ಣಿಗೂ ರಾಗಿ ಬಣ್ಣದ ಮರಿಯೇ ಹುಟ್ಟುತ್ತದೆ, ಅವುಗಳ ಹತ್ತಿರ ಕೊಡಲು ಕಪ್ಪೇ ಇಲ್ಲವಲ್ಲ. ಆದರೆ ಎರಡು ಬೇ ಸೇರಿದರೆ ಬೇ, ಕಪ್ಪು, ರಾಗಿ ಬಣ್ಣ ಯಾವುದು ಬೇಕಾದರೂ ಬರಬಹುದು. ಇನ್ನೊಂದು ಜೀನ್ ಇದೆ, ಬಣ್ಣ ತೆಳು ಮಾಡುವಂಥದ್ದು. ಅದು ಅಪ್ಪ ಅಮ್ಮನಲ್ಲಿ ಒಬ್ಬರಿಂದ ಮಾತ್ರ, ಅಂದರೆ ಒಂದು ಪಾಲು ಬಂದರೆ ರಾಗಿ ಬಣ್ಣ ಹೊಸ ಬೆಲ್ಲದ ಬಣ್ಣವಾಗುತ್ತದೆ, ಇಬ್ಬರಿಂದಲೂ ಸೇರಿ ಎರಡು ಪಾಲು ಬಂದರೆ ಕೆನೆ ಬಣ್ಣ, ನೀಲಿ ಕಣ್ಣು.

ಸ್ಟ್ಯಾಂಡಿನ ಹಳೇ ಜಟಕಾ ಸಾಬರಿಗೆ ಇದಕ್ಕೆಲ್ಲ ಬಾಯಲ್ಲೇ ಹೆಸರಿತ್ತು. ಕುಮೈತ್ ಅಂದರೆ ಬೇ, ಸುರಂಗ್ ಅಂದರೆ ರಾಗಿ ಬಣ್ಣ, ಮುಷ್ಕಿ ಅಂದರೆ ಕಪ್ಪು, ಸಬ್ಜಾ ಅಂದರೆ ಗ್ರೇ, ಅಬ್ಲಖ್ ಅಂದರೆ ದೊಡ್ಡ ದೊಡ್ಡ ಬಿಳಿ ಪಟ್ಟೆಯದ್ದು. ಜಟಕಾ ಹೋಯ್ತು, ಆ ಮಾತುಗಳೂ ಹೋದವು. ಈಗ ಪತ್ರಿಕೆಯಲ್ಲಿ ಎಲ್ಲ ಕುದುರೆಯೂ ಬಿಳಿ, ಕಪ್ಪು, ಕಂದು ಮೂರರಲ್ಲಿ ಒಂದು. ಹಸುವಿನ ಬಣ್ಣಕ್ಕೆ, ಕೋಳಿಯ ಬಣ್ಣಕ್ಕೆ ನಮ್ಮ ಹಳ್ಳಿಯಲ್ಲಿ ಎಷ್ಟು ಮಾತಿದೆ! ಕುದುರೆಗೆ ಇದ್ದ ಪಂಚಕಲ್ಯಾಣಿ ಅನ್ನುವ ಚೆಂದದ ಹೆಸರನ್ನೂ ಮರೆತಿದ್ದೇವೆ. ನಾಲ್ಕೂ ಕಾಲು ಬಿಳಿ, ಮುಖದ ಮೇಲೆ ಬಿಳಿ ನಾಮ ಇರುವ ಕುದುರೆ ಅದು. ಈ ಬಿಳಿ ಹುಟ್ಟುವಾಗಲೇ ಇರುತ್ತದೆ, ಅದರ ಕೆಳಗಿನ ಚರ್ಮವೂ ತಿಳಿಗೆಂಪಗಿರುತ್ತದೆ, ಸಾಯುವ ತನಕ ಹಾಗೇ. ಕರಿಯನ ಬಿಳಿ ಬೇರೆ, ಪಂಚಕಲ್ಯಾಣಿಯ ಬಿಳಿ ಬೇರೆ.

ಬಿಳಿ ಕಾಲಿನ ಕುದುರೆಯ ಗೊರಸು ಮೆದು, ಲಾಳ ನಿಲ್ಲಲ್ಲ ಅನ್ನುವವರು ಈಗಲೂ ಇದ್ದಾರೆ. ಗೊರಸಿನ ಗಟ್ಟಿತನಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ, ಮೇವು ಮತ್ತು ನಿಲ್ಲಿಸುವ ನೆಲ ಒಣಗಿದೆಯಾ ಅನ್ನುವುದು ಮುಖ್ಯ. ಸುಳಿ ವಿಷಯವೂ ಹಾಗೇ. ಸಿದ್ಧಗಂಗೆ ಜಾತ್ರೆಯಲ್ಲಿ ಎತ್ತಿನ ಸುಳಿ ನೋಡಿ ವ್ಯಾಪಾರ ಮುರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಕುದುರೆಗೂ ಅದೇ ಕಾಟ. ರೇಸಿನ ಕುದುರೆಗೆ ಪಾಸ್‌ಪೋರ್ಟ್ ಇರುತ್ತದೆ, ಅದರಲ್ಲೂ ಸುಳಿ ಎಲ್ಲೆಲ್ಲಿದೆ ಅಂತ ಚಿತ್ರದ ಮೇಲೆ ಗುರುತು ಹಾಕುತ್ತಾರೆ. ಅಲ್ಲಿ ಅದು ಗುರುತು ಹಿಡಿಯಲು, ನಮ್ಮ ಬೆರಳಚ್ಚಿನ ಹಾಗೆ. ಅಪಶಕುನ ನೋಡಲು ಅಲ್ಲ.

ಈಗ ಮುಖ್ಯವಾದ, ಬರೆಯಲು ಕಷ್ಟವಾಗುವ ಮಾತಿಗೆ ಬರುತ್ತೇನೆ.

1985ರಲ್ಲಿ ಕರಿಯನ ಬಾಲದ ಕೆಳಗೆ ಕಡಲೆಕಾಳಿನಷ್ಟು ದಪ್ಪದ ಎರಡು ಕಪ್ಪು ಗಂಟು ಕಾಣಿಸಿದವು. ಆರು ತಿಂಗಳಲ್ಲಿ ಅಡಿಕೆ ಗಾತ್ರ ಆದವು, ಪಕ್ಕದಲ್ಲಿ ಇನ್ನೂ ಎರಡು ಬಂದವು. ಕರಿಯ ಮೇಯುತ್ತಿದ್ದ, ಗಾಡಿ ಎಳೆಯುತ್ತಿದ್ದ, ಅವನಿಗೆ ಏನೂ ತೊಂದರೆ ಇದ್ದ ಹಾಗೆ ಕಾಣಲಿಲ್ಲ. ಆದರೆ ಜನ ಬಿಡಬೇಕಲ್ಲ. ನಾಟಿ ಮದ್ದು ಕೊಡುವ ಒಬ್ಬರು ಬಂದು ನೋಡಿ, ಬರೆ ಹಾಕಿದರೆ ಸುಟ್ಟುಹೋಗುತ್ತೆ ಅಂದರು. ನಾಲ್ಕು ಜನ ಹಗ್ಗ ಹಾಕಿ ಕೆಡವಿದರು. ತಲೆ ಹಿಡಿದುಕೊಂಡಿದ್ದವನು ನಾನು, ನನಗಾಗ ಇಪ್ಪತ್ತು ವರ್ಷ. ಕೆಂಪಗೆ ಕಾದ ಕಬ್ಬಿಣ ತಾಗಿದಾಗ ಅವನು ಕೂಗಿದ ಕೂಗು ಇವತ್ತಿಗೂ ಕಿವಿಯಲ್ಲಿದೆ. ಗಾಯ ಕೊಳೆತು ಹುಳ ಬಿತ್ತು. ಮೂರು ತಿಂಗಳು ಗಾಡಿ ನಿಂತಿತು. ಗಂಟು ಹೋಗಲಿಲ್ಲ, ಮತ್ತೆ ಬಂತು. ಆಮೇಲೆ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಬೈದರು, ಬೈದು ಆಮೇಲೆ ಸಮಾಧಾನವಾಗಿ ಕೂರಿಸಿಕೊಂಡು ಹೇಳಿದರು. ಬೂದು ಕುದುರೆಗೆ ವಯಸ್ಸಾದಂತೆ ಈ ಗಂಟು ಬರುವುದು ತುಂಬಾ ಸಾಮಾನ್ಯ, ಮೊದಲೇ ಬಂದಿದ್ದರೆ ಚಿಕ್ಕದಿದ್ದಾಗಲೇ ಕತ್ತರಿಸಿ ತೆಗೆಯಬಹುದಿತ್ತು, ಇಲ್ಲವೇ ಸುಮ್ಮನೆ ಬಿಟ್ಟಿದ್ದರೂ ಬಹಳ ವರ್ಷ ಹಾಗೇ ಇರುತ್ತಿತ್ತು ಅಂತ. ಕರಿಯ ಆಮೇಲೂ ಐದು ವರ್ಷ ಬದುಕಿದ್ದ. ಆದರೆ ಅವತ್ತಿನಿಂದ ಹಿಂದಿನಿಂದ ಯಾರು ಬಂದರೂ ಬೆದರಿ ಒದೆಯುತ್ತಿದ್ದ. ನನ್ನನ್ನೂ ಹತ್ತಿರ ಬಿಟ್ಟುಕೊಳ್ಳಲು ತಿಂಗಳುಗಟ್ಟಲೆ ಹಿಡಿಯಿತು.

ಈ ಗಂಟಿಗೆ ಮೆಲನೋಮಾ ಅನ್ನುತ್ತಾರೆ. 15 ವರ್ಷ ದಾಟಿದ ಗ್ರೇ ಕುದುರೆಗಳಲ್ಲಿ ನೂರಕ್ಕೆ 70ರಿಂದ 80ರಲ್ಲಿ ಇದು ಇರುತ್ತದೆ. ಬಾಲದ ಕೆಳಗೆ, ಗುದದ ಸುತ್ತ, ತುಟಿಯ ಹತ್ತಿರ, ಕಿವಿ ಕೆಳಗೆ ಜಾಸ್ತಿ. ಕೂದಲು ಬಿಳುಪು ಮಾಡುವ ಅದೇ ಜೀನೇ ಇದಕ್ಕೂ ಕಾರಣ. ಬಣ್ಣ ಮಾಡುವ ಕಣಗಳು ಕೂದಲಿನ ಬುಡದಲ್ಲಿ ಬೇಗ ಮುಗಿದುಹೋಗುತ್ತವೆ, ಚರ್ಮದಲ್ಲಿ ಮಾತ್ರ ಉಳಿದು, ಕೆಲವು ಕಡೆ ಲೆಕ್ಕ ಮೀರಿ ಬೆಳೆದು ಗಂಟಾಗುತ್ತವೆ. ಕೆಲವು ಗಂಟು ಒಳಗೂ ಹರಡಿ ಕುದುರೆಯನ್ನು ಕೊಲ್ಲುತ್ತವೆ, ಅದಕ್ಕೇ ಕಂಡ ಕೂಡಲೇ ಪಶು ವೈದ್ಯರಿಗೆ ತೋರಿಸಬೇಕು. ಆದರೆ ಬರೆ ಮಾತ್ರ ಬೇಡ. ನಿಮ್ಮ ಪತ್ರಿಕೆ ಓದುವ, ಕುದುರೆ ಸಾಕಿದ ಪ್ರತಿಯೊಬ್ಬರಿಗೂ ಕೈ ಮುಗಿದು ಕೇಳುತ್ತೇನೆ, ಬರೆ ಹಾಕಬೇಡಿ.

ಈಗ ಊರಲ್ಲಿ ಕುದುರೆ ಕಾಣುವುದು ಮದುವೆ ಮೆರವಣಿಗೆಯಲ್ಲಿ ಮಾತ್ರ. ನನ್ನ ತಮ್ಮನ ಮಗ ಎರಡು ಕುದುರೆ ಇಟ್ಟುಕೊಂಡು ಅದನ್ನೇ ಮಾಡುತ್ತಾನೆ. ಒಂದು ಗ್ರೇ, ಒಂದು ಬೇ. ಬೇ ಕುದುರೆ ಪಂಚಕಲ್ಯಾಣಿ, ಮಗುವಿನಂಥ ಗುಣ, ಪಟಾಕಿ ಸದ್ದಿಗೂ ಬೆದರುವುದಿಲ್ಲ. ಆದರೂ ಬರುವವರೆಲ್ಲ ಬಿಳಿಯದೇ ಬೇಕು ಅನ್ನುತ್ತಾರೆ. ಒಬ್ಬರಂತೂ ಬೇ ಕುದುರೆಗೆ ಬಿಳಿ ಬಣ್ಣ ಬಳಿದು ತನ್ನಿ, ಐನೂರು ಜಾಸ್ತಿ ಕೊಡ್ತೀವಿ ಅಂದರು. ಇವನು ಒಪ್ಪಲಿಲ್ಲ, ಆ ಮದುವೆ ಕೈತಪ್ಪಿತು. ಬಿಳಿಯೇ ಬೇಕು ಅನ್ನುವ ಈ ಹಟದಿಂದಲೇ ಗ್ರೇ ಕುದುರೆಯ ಕಪ್ಪು ಮರಿಗೆ ಬೆಲೆ ಇಲ್ಲ, ಅದು ಆರೇಳು ವರ್ಷದಲ್ಲಿ ಬಿಳಿಯಾಗಬಹುದು ಅಂತ ಗೊತ್ತಿಲ್ಲದೆ ಸಿಕ್ಕ ಬೆಲೆಗೆ ಕೊಡುತ್ತಾರೆ. ಹುಟ್ಟುವಾಗಲೇ ಬಿಳಿ ಇರುವ, ತಿಳಿಗೆಂಪು ಚರ್ಮದ ಕುದುರೆಗಳೂ ಇವೆ, ಉತ್ತರದ ಕಡೆ ನುಕ್ರಾ ಅನ್ನುತ್ತಾರೆ. ಅವುಗಳ ಬೆಲೆ ಹೆಚ್ಚು, ಕಷ್ಟವೂ ಹೆಚ್ಚು. ಪಾವಗಡದ ಬಿಸಿಲಿನಂಥ ಬಿಸಿಲಿನಲ್ಲಿ ಮಧ್ಯಾಹ್ನ ನಿಲ್ಲಿಸಿದರೆ ಮೂತಿಯ ಚರ್ಮ ಸುಟ್ಟು ಸಿಪ್ಪೆ ಏಳುತ್ತದೆ. ಅಂಥ ಕುದುರೆ ಇಟ್ಟುಕೊಂಡವರು ಹಗಲು ಹೊತ್ತು ನೆರಳಿನಲ್ಲೇ ಕಟ್ಟಬೇಕು.

ನಿಮ್ಮಲ್ಲಿ ನಾನು ಕೇಳುವುದು ಇಷ್ಟು. ಆ ಸುದ್ದಿಯನ್ನು ಸರಿಪಡಿಸಿ ಅದೇ ಪುಟದಲ್ಲಿ ಮತ್ತೆ ಹಾಕಿ. ಪಶು ವೈದ್ಯರೊಬ್ಬರನ್ನು ಕೇಳಿ ನಾಲ್ಕು ಮಾತು ಬರೆಸಿ, ಗ್ರೇ ಕುದುರೆಯ ಗಂಟಿನ ಬಗ್ಗೆಯೂ ಅದರಲ್ಲಿ ಇರಲಿ. ನಿಮ್ಮ ವರದಿಗಾರರು ಇನ್ನೊಂದು ಸಲ ಆ ಊರಿಗೆ ಹೋಗಲಿ. ಮಾಲೀಕರಿಗೆ ಮರಿ ಕೊಡಬೇಡಿ, ಕನಿಷ್ಠ ಆರು ತಿಂಗಳು ತಾಯಿಯ ಹತ್ತಿರ ಹಾಲು ಕುಡಿಯಲು ಬಿಡಿ ಅಂತ ಹೇಳಲಿ. ಬಂದ ಜನ ಮರಿಯನ್ನು ಮುಟ್ಟಿ ಮುಟ್ಟಿ ಗಾಬರಿಪಡಿಸದ ಹಾಗೆ ನೋಡಿಕೊಳ್ಳಲಿ. ಮರಿಯ ಕಣ್ಣಿನ ಸುತ್ತ ಬೆಳಕಿಗೆ ಹಿಡಿದು ನೋಡಲಿ. ಅಪ್ಪನ ಬಣ್ಣ ಬೇರೆಯದಾಗಿದ್ದು, ತಾಯಿಗೆ ಆ ಜೀನ್ ಒಂದೇ ಪಾಲು ಇದ್ದರೆ ಮರಿ ಗ್ರೇ ಆಗುವ ಸಾಧ್ಯತೆ ಅರ್ಧಕ್ಕರ್ಧ. ಬಿಳಿ ಕೂದಲು ಕಂಡರೆ ಅಮ್ಮನ ಹಾಗಾಗುತ್ತಾನೆ, ಇಲ್ಲದಿದ್ದರೆ ಕಪ್ಪಗೇ ಉಳಿಯುತ್ತಾನೆ, ಎರಡೂ ಒಳ್ಳೆಯದೇ. ಸಾಧ್ಯವಾದರೆ ಎರಡು ವರ್ಷಕ್ಕೊಂದು ಸಲ ಅದೇ ತಾಯಿ ಮಗುವಿನ ಫೋಟೊ ತೆಗೆದು ಹಾಕಿ. ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಕಳೆದ ವಾರದ್ದನ್ನೂ ಇಟ್ಟುಕೊಂಡಿದ್ದೇನೆ.

ಇಂತಿ ನಿಮ್ಮ ಓದುಗ,
ಜಟಕಾ ಹೊಡೆಯುತ್ತಿದ್ದವರ ಮಗ,
ತುಮಕೂರು